ದೋಣಿ ಕೊಳ್ಳುವವನ ಭೌತವಿಜ್ಞಾನ

ದೋಣಿಯೆಂದೊಡನೆ ನಮ್ಮ ನಾಡಿನವರ ಮನಸ್ಸಿಗೆ ಬರುವವನು ಹೊಳೆ ದಾಟಿಸುವ ಅಂಬಿಗ, ಇಲ್ಲವೆ ಮಲ್ಪೆ ಕಾರವಾರಗಳ ಮೀನುಗಾರ. ಇಬ್ಬರಿಗೂ ದೋಣಿ ಅನ್ನದ ಸಾಧನ. ಕೇವಲ ವಿಹಾರಕ್ಕಾಗಿ, ರಜೆಯ ದಿನ ಕುಟುಂಬದೊಡನೆ ನೀರಿನ ಮೇಲೆ ತಿರುಗಾಡಿ ಬರುವುದಕ್ಕಾಗಿ ದೋಣಿಯನ್ನು ಕೊಳ್ಳುವ ವಾಡಿಕೆ ನಮ್ಮಲ್ಲಿ ಅಪರೂಪ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಬಹು ಸಾಮಾನ್ಯ. ಅಲ್ಲಿ ನೋಂದಣಿಯಾಗಿರುವ ವಿಹಾರದ ದೋಣಿಗಳ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ಶಾಲೆಯ ಉಪಾಧ್ಯಾಯರು, ಬಡಗಿಗಳು, ಬಸ್ ನಡೆಸುವವರು ಸಹ ಹಲವು ವರ್ಷ ಹಣ ಕೂಡಿಟ್ಟು ಒಂದು ಪುಟ್ಟ ದೋಣಿಯನ್ನು ಕೊಳ್ಳುತ್ತಾರೆ. ಹೊಸ ದೋಣಿಯ ಬೆಲೆ ಎಲ್ಲರ ಕೈಗೆ ಎಟುಕುವಂತಹುದಲ್ಲವಾದುದರಿಂದ, ವರ್ಷವರ್ಷವೂ ಅಲ್ಲಿ ಕೈಬದಲಾಗುವ ದೋಣಿಗಳಲ್ಲಿ ಹೊಸವುಗಳಿಗಿಂತ ಹಳೆಯವೇ ಹೆಚ್ಚು.

ಹಳೆಯ ದೋಣಿಯ ವ್ಯಾಪಾರದಲ್ಲಿ ಒಂದು ವಿಶೇಷ ತೊಡಕುಂಟು. ದೋಣಿಯಲ್ಲಿ ಏನು ಕೆಟ್ಟಿದೆಯೆಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇಂತಹ ಪೇಟೆಯಲ್ಲಿ ಏನಾಗುತ್ತದೆಯೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಮೋಟಾರು ಕಾರುಗಳ ಉದಾಹರಣೆಯ ಮೂಲಕ ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲಾರದ ಗಿರಾಕಿಯು ಎಲ್ಲಕ್ಕೂ ನಡುಮಧ್ಯದ ಒಂದು ಬೆಲೆಯನ್ನು ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವನ್ನು ಕೊಡಲು ಅದರ ಒಡೆಯನಿಗೆ ಮನಸ್ಸಾಗದು. ಅವನು ಪೇಟೆಯಿಂದ ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟ ವಸ್ತು. ಬೆಲೆ ಇನ್ನೂ ಇಳಿಯುತ್ತದೆ. ಈ ವಿಚಾರಧಾರೆಗಾಗಿ ಅಕರ್ಲಾಫರಿಗೆ 2001ರಲ್ಲಿ, ಇನ್ನಿಬ್ಬರೊಡನೆ, ನೊಬೆಲ್ ಪಾರಿತೋಷಕವೂ ದೊರೆಯಿತು. ಇದಕ್ಕೆ ಪರಿಹಾರವೇನು? ಬಚ್ಚಿಟ್ಟದ್ದನ್ನು ಅಳೆದು ಹೊರಗೆಡಹುವುದೊಂದೇ. ಅಳೆಯುವುದು ಭೌತವಿಜ್ಞಾನದ ಕಸುಬು. ಹಳೆಯ ದೋಣಿಯ ವಿಷಯದಲ್ಲಿ ಅಳೆಯತಕ್ಕದ್ದು ಮುಖ್ಯವಾಗಿ ಒಂದೇ: ನೀರು ಇರಬಾರದ ಕಡೆ ನೀರು ಸೇರಿಕೊಂಡಿದೆಯೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ನ್ಯಾಯವಾದ ಬೆಲೆ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಆ ದೋಣಿಗಳು ಯಾವುದರಿಂದ ಮಾಡಲ್ಪಟ್ಟಿವೆಯೆಂಬುದನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧದವರೆಗೆ ವಿಹಾರದ ದೋಣಿಗಳೆಲ್ಲ ಹೆಚ್ಚು ಕಡಮೆ ಮರದವು. ಯುದ್ಧದ ಕಾಲದಲ್ಲಿ ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಗಟ್ಟಿಯಾಗಿಸುವ ಕಲೆ ಬೆಳೆಯಿತು. ಇದೇ ಫೈಬರ್‌ಗ್ಲಾಸ್. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಕ್ಲಿಂಟನ್ ಮತ್ತು ಎವರೆಟ್ ಪಿಯರ್ಸನ್ ಎಂಬ ಸೋದರ ಸಂಬಂಧಿಗಳು 'ಟ್ರೈಟನ್' ಎಂಬ 28 ಅಡಿಯ ಹಾಯಿದೋಣಿಯನ್ನು ತಂದಿರಿಸಿದರು. ಅದರ ರೇಖನ ಕಾರ್ಲ್ ಆಲ್ಬರ್ಗ್ ಎಂಬವರದು. ಬೆಲೆ ಹತ್ತು ಸಾವಿರ ಡಾಲರಿಗಿಂತ ಕಡಮೆ. ಮಧ್ಯಮವರ್ಗದ ಕುಟುಂಬವೊಂದು ಮಲಗಿ ಎದ್ದು ಅಡಿಗೆ ಮಾಡಿಕೊಳ್ಳಬಹುದಾದ ಫೈಬರ್‌ಗ್ಲಾಸ್ ದೋಣಿಯು ಅಚ್ಚಿನಿಂದ ಸಾಲುಸಾಲಾಗಿ ಹೊರಬರುವ ಯುಗಕ್ಕೆ ಅದು ನಾಂದಿಯಾಯಿತು. 1967ರವರೆಗೆ 700ಕ್ಕೂ ಹೆಚ್ಚು ಟ್ರೈಟನ್‌ಗಳು ತಯಾರಾದವು. ಅವುಗಳಲ್ಲಿ ಅನೇಕವು ಇಂದಿಗೂ ತೇಲುತ್ತಿವೆ, ಇಂದಿಗೂ ಮಾರಾಟವಾಗುತ್ತಿವೆ. ಅರುವತ್ತು ವರ್ಷದ ಕಾರನ್ನು ದಿನಬಳಕೆಗೆಂದು ಯಾರೂ ಕೊಳ್ಳರು. ಅರುವತ್ತು ವರ್ಷದ ದೋಣಿಯನ್ನು ಕೊಳ್ಳುತ್ತಾರೆ.

'ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ' ಎಂದು ಮಾರುವವರು ಹೇಳುವ ಮಾತು ಇದರಿಂದಲೇ ಹುಟ್ಟಿತು. ಮಾತು ಅರ್ಧ ನಿಜ. ಗಾಜಿನ ನಾರಾಗಲಿ ರಾಳವಾಗಲಿ ಕೊಳೆಯವು. ಆದರೆ ದೋಣಿಯೆಲ್ಲ ಬರಿಯ ಫೈಬರ್‌ಗ್ಲಾಸ್ ಅಲ್ಲ. ನಾವು ಓಡಾಡುವ ಮೇಲ್ಗಡೆಯ ಹಾಸು, ಅಂದರೆ ಡೆಕ್, ಕಾಲಿಟ್ಟರೆ ಬಾಗದಷ್ಟು ಬಿಗುವಾಗಿರಬೇಕು, ಆದರೆ ಭಾರವಾಗಬಾರದು. ಒಂದು ಹಲಗೆಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದರ ಬಿಗುವು ಎಂಟರಷ್ಟಾಗುತ್ತದೆ. ಬಾಗುವಿಕೆಗೆ ಎದುರಾಗುವ ಬಿಗುವು ದಪ್ಪದ ಘನಕ್ಕೆ ಅನುಪಾತದಲ್ಲಿದೆ. ಆದುದರಿಂದ ದೋಣಿ ಕಟ್ಟುವವರು ಎರಡು ತೆಳುವಾದ ಫೈಬರ್‌ಗ್ಲಾಸ್ ಹಾಳೆಗಳ ನಡುವೆ ಬಾಲ್ಸಾ ಎಂಬ ಅತಿ ಹಗುರವಾದ ಮರದ ತುಂಡುಗಳನ್ನು ತುಂಬಿ ದಪ್ಪವನ್ನು ಸಾಧಿಸುತ್ತಾರೆ. ಉಪಾಯ ಬಹಳ ಚೆನ್ನಾಗಿದೆ, ಎರಡು ಹಾಳೆಗಳೂ ನಡುವಣ ಮರವೂ ಒಂದಕ್ಕೊಂದು ಅಂಟಿಕೊಂಡಿರುವವರೆಗೆ. ಡೆಕ್ಕಿನ ಮೇಲೆ ಕಂಬಿ, ಗೂಟ, ಕಿಟಕಿ ಇತ್ಯಾದಿಗಳನ್ನು ಕೂರಿಸಲು ನೂರಾರು ತೂತುಗಳನ್ನು ಕೊರೆದಿರುತ್ತಾರೆ. ಒಂದು ತೂತಿನ ಸುತ್ತಣ ಮೆತ್ತನೆಯ ಅರಗು ಒಣಗಿ ಬಿರುಕಾದರೆ ಸಾಕು. ಮಳೆಯ ನೀರು ಹನಿಹನಿಯಾಗಿ ಇಳಿದು ಬಾಲ್ಸಾವನ್ನು ಸೇರುತ್ತದೆ. ಇಳಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಮರ ಕೊಳೆತು ಹಿಟ್ಟಾಗುತ್ತದೆ. ಮೇಲಿನ ಹೊಳಪು ಮಾತ್ರ ಹಾಗೆಯೇ ಇರುತ್ತದೆ.

ಇದನ್ನು ಕಂಡುಹಿಡಿಯುವ ಮೊದಲ ಉಪಕರಣ ಒಂದು ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆ. ಸಂತೆಯಲ್ಲಿ ಮಡಕೆ ಕೊಳ್ಳುವ ನಮ್ಮ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುವುದನ್ನು ವಾಚಕರು ಕಂಡಿರಬಹುದು. ಗಟ್ಟಿ ಮಡಕೆ 'ಠಣ್' ಎನ್ನುತ್ತದೆ. ಬಿರುಕು ಬಿಟ್ಟದ್ದು 'ಬದ್' ಎನ್ನುತ್ತದೆ. ದೋಣಿಯನ್ನು ಪರೀಕ್ಷಿಸುವ ನುರಿತವರು ಮಾಡುವುದೂ ಅದನ್ನೇ. ಅಂಗೈಯಗಲದ ಅಂತರದಲ್ಲಿ ಡೆಕ್ಕನ್ನೂ ಒಡಲನ್ನೂ ಬಡಿಯುತ್ತ ಹೋಗುತ್ತಾರೆ. ಹಾಳೆಗಳು ಬಿಗಿಯಾಗಿ ಅಂಟಿಕೊಂಡಿರುವ ಕಡೆ ಕಂಪನದ ಆವೃತ್ತಿ ಹೆಚ್ಚು, ಧ್ವನಿ ಚುರುಕು. ಅಂಟು ಬಿಟ್ಟ ಕಡೆ ತೆಳುಹಾಳೆ ಒಂಟಿಯಾಗಿ ಅದಿರುತ್ತದೆ. ಒದ್ದೆಯಾದ ಮರ ಕಂಪನದ ಶಕ್ತಿಯನ್ನು ಹೀರಿಬಿಡುತ್ತದೆ. ಆದುದರಿಂದ ಧ್ವನಿ ಮಂಕು. ಮಂಕಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದರೆ ರೋಗದ ನಕಾಶೆಯೇ ಸಿದ್ಧವಾಗುತ್ತದೆ. ಈ ಪರೀಕ್ಷೆಗೆ ಖರ್ಚಿಲ್ಲ, ತಾಳ್ಮೆ ಬೇಕು. ದೋಣಿ ಕೊಳ್ಳುವವನು ಇನ್ನಾವುದನ್ನು ಕಲಿಯದಿದ್ದರೂ ಇದೊಂದನ್ನು ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ.

ಎರಡನೆಯ ಉಪಕರಣ ತೇವಮಾಪಕ. ಇದು ತಳಕ್ಕೆ ತಾಗಿಸಿ ಹಿಡಿದರೆ ಒಳಗೆ ಎಷ್ಟು ನೀರಿದೆಯೆಂದು ತೋರಿಸುವ ಪುಟ್ಟ ಪೆಟ್ಟಿಗೆ. ಅದರ ತತ್ತ್ವ ಕಾಲೇಜಿನ ವಿದ್ಯಾರ್ಥಿಗಳಿಗೆ ಪರಿಚಿತವೇ. ಎರಡು ವಿದ್ಯುದ್ವಾರಗಳ ನಡುವಣ ಧಾರಕತೆಯು ಅವುಗಳ ಬಳಿಯಿರುವ ಪದಾರ್ಥದ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ಅವಲಂಬಿಸುತ್ತದೆ. ಒಣ ಫೈಬರ್‌ಗ್ಲಾಸಿಗೆ ಆ ಸ್ಥಿರಾಂಕ ಸುಮಾರು 4. ನೀರಿಗೆ ಸುಮಾರು 80. ಇಪ್ಪತ್ತು ಪಟ್ಟು ವ್ಯತ್ಯಾಸವಿರುವುದರಿಂದ ಅಲ್ಪಸ್ವಲ್ಪ ನೀರಿದ್ದರೂ ಮುಳ್ಳು ಅಲುಗುತ್ತದೆ. ಆದರೆ ಈ ಪೆಟ್ಟಿಗೆಯನ್ನು ಅತಿಯಾಗಿ ನಂಬಲಾಗದು. ಆ ದಿನ ಬೆಳಗ್ಗೆ ಬಿದ್ದ ಇಬ್ಬನಿ, ಒಳಬದಿಗೆ ಅಂಟಿಕೊಂಡಿರುವ ಲೋಹದ ತೊಟ್ಟಿ, ತಾಮ್ರ ಬೆರೆಸಿದ ತಳದ ಬಣ್ಣ, ಇವೆಲ್ಲ ಅದನ್ನು ಮೋಸಗೊಳಿಸುತ್ತವೆ. ಸುತ್ತಿಗೆ ಮತ್ತು ಮಾಪಕ ಎರಡೂ ಒಂದೇ ಜಾಗವನ್ನು ತೋರಿಸಿದರೆ ಮಾತ್ರ ಸಂದೇಹಕ್ಕೆ ಎಡೆಯಿಲ್ಲ.

ತಳದ ಗುಳ್ಳೆಗಳ ಮಾತು ಬೇರೆ. ದೋಣಿಯನ್ನು ನೀರಿನಿಂದ ಮೇಲಕ್ಕೆತ್ತಿದಾಗ ಕೆಲವು ವೇಳೆ ತಳದ ತುಂಬ ಸಿಡುಬಿನಂತಹ ಗುಳ್ಳೆಗಳು ಕಾಣುತ್ತವೆ. ಹೊರಲೇಪದ ಮೂಲಕ ನೀರಿನ ಅಣುಗಳು ಬಹು ನಿಧಾನವಾಗಿ ಒಳಕ್ಕೆ ನುಸುಳಿ, ರಾಳದಲ್ಲಿ ಸರಿಯಾಗಿ ಬೆಸೆದುಕೊಳ್ಳದೆ ಉಳಿದಿದ್ದ ಪದಾರ್ಥಗಳನ್ನು ಕರಗಿಸಿಕೊಂಡು ಗಾಢವಾದ ದ್ರಾವಣವಾಗುತ್ತವೆ. ಹೊರಲೇಪವು ಅರೆವ್ಯಾಪ್ಯ ಪೊರೆಯಂತೆ ವರ್ತಿಸುತ್ತದೆ: ನೀರನ್ನು ಒಳಗೆ ಬಿಡುತ್ತದೆ, ಕರಗಿದ ದೊಡ್ಡ ಅಣುಗಳನ್ನು ಹೊರಗೆ ಬಿಡದು. ಅಭಿಸರಣೆಯ ಒತ್ತಡದಿಂದ ಗುಳ್ಳೆ ಉಬ್ಬುತ್ತದೆ. ಒಡೆದರೆ ಹುಳಿನಾತದ ದ್ರವ ಹೊರಬರುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿಟ್ಟು ಉಬ್ಬಿಸುವ ಶಾಲೆಯ ಪ್ರಯೋಗವೇ ಇಲ್ಲಿ ದೋಣಿಯ ತಳದಲ್ಲಿ ನಡೆದಿರುತ್ತದೆ. ಗುಳ್ಳೆಗಳನ್ನು ಕಂಡು ಗಿರಾಕಿಗಳು ಓಡಿಹೋಗುವುದುಂಟು. ಅಷ್ಟೊಂದು ಹೆದರುವ ಕಾರಣವಿಲ್ಲ. ಹೊರಪದರದಲ್ಲಿ ಅಲ್ಲಲ್ಲಿ ಎದ್ದ ಗುಳ್ಳೆಗಳಿಂದ ದೋಣಿ ಮುಳುಗದು. ಉಜ್ಜಿ, ಒಣಗಿಸಿ, ಎಪಾಕ್ಸಿ ಬಳಿದು ಸರಿಪಡಿಸಬಹುದು. ಮೇಲೆ ನಯವಾಗಿ ಹೊಳೆಯುತ್ತಿರುವ ಡೆಕ್ಕಿನೊಳಗೆ ಕೊಳೆತ ಬಾಲ್ಸಾ ಇದ್ದರೆ ಅದು ಹತ್ತು ಪಾಲು ಕೆಟ್ಟದ್ದು. ಜಾಣನಾದ ಗಿರಾಕಿ ಗುಳ್ಳೆಗಳನ್ನು ತೋರಿಸಿ ಬೆಲೆ ಇಳಿಸಿಕೊಳ್ಳುತ್ತಾನೆ.

ಗುಳ್ಳೆ ಕಾಣಬೇಕಾದರೆ ದೋಣಿಯನ್ನು ನೀರಿನಿಂದ ಎತ್ತಿಸಲೇಬೇಕು. ಅದಕ್ಕೆ ಎತ್ತುಯಂತ್ರದ ಬಾಡಿಗೆಯನ್ನು ಕೊಳ್ಳುವವನೇ ಕೊಡಬೇಕಾಗುತ್ತದೆ. ಆ ಖರ್ಚಿಗೆ ಹಿಂಜರಿದು, ತೇಲುತ್ತಿರುವ ದೋಣಿಯನ್ನೇ ನೋಡಿ ವ್ಯಾಪಾರ ಮುಗಿಸುವವರು ಇದ್ದಾರೆ. ಕೆರೆಯಲ್ಲಿ ಮುಳುಗಿ ಕೊಂಬನ್ನಷ್ಟೇ ತೋರಿಸುತ್ತಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವವನನ್ನು ಕಂಡು ನಮ್ಮ ರೈತರು ನಗುವುದಿಲ್ಲವೆ?

ಟ್ರೇಲರಿನ ಮೇಲೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಚಿಕ್ಕ ಮೋಟಾರು ದೋಣಿಗಳಿಗೆ ಇನ್ನೂ ಸೊಗಸಾದ ಪರೀಕ್ಷೆಯೊಂದುಂಟು. 20 ಅಡಿಗಿಂತ ಕಿರಿದಾದ ಬಹುಪಾಲು ಮೋಟಾರು ದೋಣಿಗಳಲ್ಲಿ, 1971ರ ಅಮೆರಿಕದ ದೋಣಿ ಸುರಕ್ಷಾ ಕಾನೂನನ್ನು ಅನುಸರಿಸಿ ಬಂದ ನಿಯಮಗಳಂತೆ, ನೆಲಹಾಸಿನ ಕೆಳಗೆ ಹಗುರವಾದ ಫೋಮನ್ನು ತುಂಬಿರುತ್ತಾರೆ. ದೋಣಿಯೊಳಗೆ ನೀರು ತುಂಬಿದರೂ ಅದು ತಳ ಸೇರದೆ, ಅದನ್ನು ಹಿಡಿದುಕೊಂಡು ಜನ ಜೀವ ಉಳಿಸಿಕೊಳ್ಳಲೆಂದು ಈ ಏರ್ಪಾಡು. ಆದರೆ ವರ್ಷಗಟ್ಟಲೆ ತಳದಲ್ಲಿ ನಿಂತ ನೀರಿನಲ್ಲಿ ನೆನೆದರೆ ಫೋಮ್ ಕೂಡ ಮೆಲ್ಲಮೆಲ್ಲನೆ ನೀರು ಕುಡಿಯುತ್ತದೆ. ಅದು ಕಣ್ಣಿಗೆ ಕಾಣದು, ಸುತ್ತಿಗೆಗೂ ಸಿಗದು. ಹೆದ್ದಾರಿಯ ಬದಿಯ ಲಾರಿ ತೂಕದ ಕಟ್ಟೆಗೆ ದೋಣಿಯನ್ನು ಟ್ರೇಲರ್ ಸಮೇತ ಒಯ್ದು ತೂಗಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ತಯಾರಕರ ಪಟ್ಟಿಯಂತೆ ಒಡಲು 600 ಕಿಲೊಗ್ರಾಂ, ಎಂಜಿನ್ 150, ಟ್ರೇಲರ್ 250; ತೊಟ್ಟಿಯಲ್ಲಿರುವ 60 ಲೀಟರ್ ಪೆಟ್ರೋಲು ಸುಮಾರು 45; ಬ್ಯಾಟರಿ, ಹಗ್ಗ, ಲಂಗರು ಎಲ್ಲ ಸೇರಿ 35. ಒಟ್ಟು 1,080 ಕಿಲೊಗ್ರಾಂ. ತಕ್ಕಡಿ ಹೇಳುವುದು 1,260. ಹಾಗಾದರೆ ಉಳಿದ 180 ಕಿಲೊಗ್ರಾಂ ಯಾವುದು? ನೀರು, 180 ಲೀಟರ್. ಅದೆಲ್ಲವೂ ಫೋಮಿನಲ್ಲಿಯೇ ಇದೆಯೆಂದೂ, ಫೋಮಿನ ಗಾತ್ರ 300 ಲೀಟರ್, ಅದರ ಸ್ವಂತ ತೂಕ 10 ಕಿಲೊಗ್ರಾಂ ಎಂದೂ ಇಟ್ಟುಕೊಳ್ಳೋಣ. ಒಣಗಿದ್ದಾಗ ಅದು ಮುಳುಗುತ್ತಿರುವ ದೋಣಿಯನ್ನು 290 ಕಿಲೊಗ್ರಾಂ ತೂಕದಷ್ಟು ಬಲದಿಂದ ಎತ್ತಿಹಿಡಿಯುತ್ತಿತ್ತು. ಈಗ ಎತ್ತುವುದು 110 ಮಾತ್ರ. ಆರ್ಕಿಮಿಡೀಸನ ತತ್ತ್ವವನ್ನು ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಮೀಸಲಿಟ್ಟಿರುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಲಿ. ಇಲ್ಲಿ ಕಳೆದುಹೋಗಿರುವುದು ಹಣವಷ್ಟೇ ಅಲ್ಲ. ಇಂತಹ ದೋಣಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ, ನೆಲಹಾಸನ್ನು ಕಿತ್ತು ಫೋಮನ್ನೆಲ್ಲ ಬದಲಾಯಿಸುವ ಮನಸ್ಸಿಲ್ಲದವನು ಕೊಳ್ಳಬಾರದು.

ಲೋಹಗಳ ಕಥೆಯನ್ನು ಇನ್ನು ನೋಡೋಣ. ಉಪ್ಪುನೀರಿನಲ್ಲಿ ಎರಡು ಬೇರೆಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅದು ವಿದ್ಯುತ್ಕೋಶವಾಗುತ್ತದೆ. ಎರಡರಲ್ಲಿ ಹೆಚ್ಚು ಚುರುಕಾದ ಲೋಹ ಕರಗಿಹೋಗುತ್ತದೆ. ಪ್ರೊಪೆಲ್ಲರಿನ ಕಂಚು, ಅದರ ಕಡ್ಡಿಯ ಉಕ್ಕು ಇವುಗಳನ್ನು ಉಳಿಸಲೆಂದು ದೋಣಿಯವರು ಸತುವಿನ ತುಂಡೊಂದನ್ನು ಬಲಿಯಾಗಿ ಕಟ್ಟಿರುತ್ತಾರೆ. ಈ ಯುಕ್ತಿ ಸರ್ ಹಂಫ್ರಿ ಡೇವಿಯದು. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸವೆಯುವುದನ್ನು ತಪ್ಪಿಸಲು ಅವನು 1824ರಲ್ಲಿ ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸುವ ಉಪಾಯವನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರವೇ ಚಿಪ್ಪುಜೀವಿಗಳಿಗೆ ವಿಷವಾಗಿದ್ದುದರಿಂದ, ಕರಗುವುದು ನಿಂತೊಡನೆ ತಳದ ತುಂಬ ಅವು ಮುತ್ತಿಕೊಂಡು ಹಡಗುಗಳ ವೇಗ ಕುಗ್ಗಿತು. ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ತಮಾಷೆಯ ಗೆಲುವು ಕಡಮೆ.

ದೋಣಿ ಕೊಳ್ಳುವವನಿಗೆ ಆ ಸತುವಿನ ತುಂಡು ಒಂದು ದಿನಚರಿಯ ಪುಟದಂತೆ. ಅರ್ಧ ಸವೆದಿದ್ದರೆ ಸಂತೋಷ. ಅದು ತನ್ನ ಕೆಲಸವನ್ನು ಮಾಡುತ್ತಿದೆ. ಪೂರ್ತಿ ಸವೆದು ಮೊಳೆ ಮಾತ್ರ ಉಳಿದಿದ್ದರೆ ಮಿಕ್ಕ ಲೋಹಗಳು ಸವೆಯತೊಡಗಿವೆಯೆಂದರ್ಥ. ಹಳೆಯ ತುಂಡು ಸ್ವಲ್ಪವೂ ಸವೆಯದೆ ಇದ್ದರೆ ಅದೂ ಕೆಟ್ಟ ಸೂಚನೆಯೇ. ಅದು ಲೋಹಕ್ಕೆ ಸರಿಯಾಗಿ ತಾಗಿಕೊಂಡಿಲ್ಲ. ಹಿತ್ತಾಳೆಯ ಕೊಳವೆಗಳ ತುದಿ ಹಳದಿಯ ಬದಲು ತಾಮ್ರದಂತೆ ಕೆಂಪಾಗಿ ಕಂಡರೆ, ಅದರೊಳಗಿನ ಸತು ಕರಗಿಹೋಗಿ ರಂಧ್ರಮಯವಾದ ತಾಮ್ರವಷ್ಟೇ ಉಳಿದಿದೆ. ಅಂತಹ ಕೊಳವೆ ಒಂದು ದಿನ ಕೈಯಲ್ಲಿ ಮುರಿದುಬರುತ್ತದೆ. ಅದು ನೀರಿನ ಮಟ್ಟದ ಕೆಳಗಿದ್ದರೆ ದೋಣಿಯ ಗತಿಯೇನೆಂದು ಹೇಳಬೇಕಾಗಿಲ್ಲ. ಅಮೆರಿಕದ ಮಹಾಸರೋವರಗಳ ಸಿಹಿನೀರಿನಲ್ಲಿ ಇದ್ದ ದೋಣಿಗಳಿಗೆ ಸಮುದ್ರದ ದೋಣಿಗಳಿಗಿಂತ ಹೆಚ್ಚು ಬೆಲೆ ಕೇಳುವುದು ಇದರಿಂದಲೇ, ಮತ್ತು ಅದು ನ್ಯಾಯವೂ ಹೌದು.

ಎಂಜಿನ್ನಿನ ವಿಷಯಕ್ಕೆ ಬಂದರೆ, 'ಇದರಲ್ಲಿ ದೊಡ್ಡ ಎಂಜಿನ್ ಹಾಕಿಸಿದ್ದೇವೆ' ಎಂಬ ಮಾತಿಗೆ ಮರುಳಾಗುವವರು ಬಹಳ. ಅದಕ್ಕೆ ಹೆಚ್ಚು ಹಣ ಕೊಡುವುದು ಎಲ್ಲ ದೋಣಿಗಳಲ್ಲಿಯೂ ಸಮಂಜಸವೆ? ನೀರನ್ನು ಸೀಳಿಕೊಂಡು ಹೋಗುವ ದೋಣಿಯು ಮುಂದೆ ಒಂದು ಅಲೆಯನ್ನೂ ಹಿಂದೆ ಒಂದು ಅಲೆಯನ್ನೂ ಎಬ್ಬಿಸುತ್ತದೆ. ಆಳವಾದ ನೀರಿನಲ್ಲಿ ಅಲೆಯ ವೇಗ ಅದರ ತರಂಗಾಂತರದ ವರ್ಗಮೂಲಕ್ಕೆ ಅನುಪಾತದಲ್ಲಿದೆ: ತರಂಗಾಂತರವನ್ನು ಮೀಟರುಗಳಲ್ಲಿ ಇಟ್ಟುಕೊಂಡು ಅದರ ವರ್ಗಮೂಲವನ್ನು 1.25ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರು ಎಂಬುದು ಬರುತ್ತದೆ. ದೋಣಿಯ ವೇಗ ಹೆಚ್ಚಿದಂತೆ ಅದು ಎಬ್ಬಿಸುವ ಅಲೆ ಉದ್ದವಾಗುತ್ತ ಹೋಗಿ, ಕೊನೆಗೆ ಅಲೆಯ ಉದ್ದ ದೋಣಿಯ ನೀರ್ಗೆರೆಯ ಉದ್ದಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕಾಗುತ್ತದೆ. ಇಂಗ್ಲೆಂಡಿನ ಟಾರ್ಕೀಯಲ್ಲಿ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿ ಮಾದರಿ ಹಡಗುಗಳನ್ನು ಎಳೆದು ಈ ಅಲೆಗಳ ತಡೆಯನ್ನು ಅಳೆದನು.

ನಾವು ಮೊದಲು ಹೇಳಿದ ಟ್ರೈಟನ್ನಿನ ನೀರ್ಗೆರೆ 20.5 ಅಡಿ, ಅಂದರೆ 6.25 ಮೀಟರು. ವರ್ಗಮೂಲ 2.5. ಆದುದರಿಂದ ಅದರ ಮಿತಿ ಸೆಕೆಂಡಿಗೆ ಸುಮಾರು 3.1 ಮೀಟರು, ಗಂಟೆಗೆ 11 ಕಿಲೊಮೀಟರು, ನಾವಿಕರ ಮಾತಿನಲ್ಲಿ 6 ನಾಟ್. ಹತ್ತು ಅಶ್ವಶಕ್ತಿಯ ಬದಲು ಮೂವತ್ತನ್ನು ಇಟ್ಟರೂ ಈ ಮಿತಿ ಹೆಚ್ಚೇನೂ ಸರಿಯದು. ಎಣ್ಣೆ ಮಾತ್ರ ಮುಗಿಯುತ್ತದೆ. ನೀರಿನ ಮೇಲಕ್ಕೆ ಎದ್ದು ಜಾರಿಕೊಂಡು ಓಡುವ ಚಪ್ಪಟೆ ತಳದ ಮೋಟಾರು ದೋಣಿಗಳಿಗೆ ಈ ಕಟ್ಟಳೆ ಅನ್ವಯಿಸದು. ಅವಕ್ಕೆ ಶಕ್ತಿಯೂ ಬೇಕು, ಅದಕ್ಕಿಂತ ಮಿಗಿಲಾಗಿ ಹಗುರವೂ ಬೇಕು. ನೀರು ಕುಡಿದ ಫೋಮಿನ ಗುಟ್ಟು ಇಲ್ಲಿಯೂ ಬಯಲಾಗುತ್ತದೆ: ಅಂತಹ ದೋಣಿ ಮೂತಿಯನ್ನು ಮೇಲೆತ್ತಿಕೊಂಡು ಹೆಣಗುತ್ತದೆ, ಏಳುವುದಿಲ್ಲ.

ಆದುದರಿಂದ ಹಣ ಕೊಡುವ ಮುನ್ನ ನೀರಿನ ಮೇಲೆ ಓಡಿಸಿ ನೋಡುವುದು ಕಡ್ಡಾಯ. ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು; ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಹೊತ್ತಿಕೊಳ್ಳಲು ಅದು ಪಡುವ ಪಾಡು ತಿಳಿಯದೆ ಹೋಗುತ್ತದೆ. ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂದು ಎಂಜಿನ್ನಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅಷ್ಟು ತಿರುಗದಿದ್ದರೆ ಎಂಜಿನ್ ಸೋತಿರಬೇಕು, ಇಲ್ಲವೆ ದೋಣಿ ಭಾರವಾಗಿರಬೇಕು, ಇಲ್ಲವೆ ಪ್ರೊಪೆಲ್ಲರ್ ಹೊಂದದಿರಬೇಕು. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದರ, ಕಪ್ಪು ಹೊಗೆ ಇಂಧನ ಪೂರ್ತಿ ಉರಿಯದಿರುವುದರ ಗುರುತು. ಎಂಜಿನ್ನಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದರೊಳಗೆ ನೀರು ಸೇರಿದೆ. 'ಹತ್ತು ವರ್ಷದಲ್ಲಿ ಐವತ್ತು ಗಂಟೆ ಮಾತ್ರ ಓಡಿದೆ' ಎಂದು ಹೆಮ್ಮೆಯಿಂದ ಹೇಳುವ ಎಂಜಿನ್ನಿಗಿಂತ ವರ್ಷವರ್ಷವೂ ನಿಯಮವಾಗಿ ಓಡಿ, ಎಣ್ಣೆ ಬದಲಾಯಿಸಿದ ಚೀಟಿಗಳನ್ನು ಇಟ್ಟುಕೊಂಡಿರುವ ಎಂಜಿನ್ ಮೇಲು.

ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಅಮೆರಿಕದ ದೋಣಿಗೂ ಹಲ್ಲುಂಟು. 1972ರ ನವೆಂಬರಿನಿಂದೀಚೆಗೆ ಪ್ರತಿಯೊಂದು ದೋಣಿಯ ಹಿಂಗೋಡೆಯ ಬಲಬದಿಯಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಗುರುತನ್ನು ಒತ್ತಿರಬೇಕೆಂಬುದು ನಿಯಮ. 1984ರ ಬಳಿಕದ ಕ್ರಮದಲ್ಲಿ ಕೊನೆಯ ನಾಲ್ಕು ಸ್ಥಾನಗಳು ಕಟ್ಟಿದ ತಿಂಗಳನ್ನೂ ವರ್ಷವನ್ನೂ ಮಾದರಿಯ ವರ್ಷವನ್ನೂ ಹೇಳುತ್ತವೆ. 'ಎ' ಎಂದರೆ ಜನವರಿ, 'ಬಿ' ಫೆಬ್ರವರಿ, ಹೀಗೆ. 'ಸಿ404' ಎಂದಿದ್ದರೆ 2004ರ ಮಾರ್ಚಿಯಲ್ಲಿ ಕಟ್ಟಿದ, 2004ರ ಮಾದರಿ. ಇದೇ ಗುರುತಿನ ಇನ್ನೊಂದು ಪ್ರತಿ ದೋಣಿಯೊಳಗೆ ಕಣ್ಣಿಗೆ ಬೀಳದ ಕಡೆ ಇರುತ್ತದೆ. ಎರಡೂ ಹೊಂದದಿದ್ದರೆ ಮಾತು ಅಲ್ಲಿಗೇ ನಿಲ್ಲಬೇಕು. ಈ ಜಾತಕವನ್ನು ಹಿಡಿದು ಹಿಂದಿನ ಅಪಘಾತಗಳನ್ನೂ ಸಾಲವನ್ನೂ ಕೆದಕಬಹುದು. 2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತದಲ್ಲಿ 65,000ಕ್ಕೂ ಹೆಚ್ಚು ವಿಹಾರದ ದೋಣಿಗಳು ಕೆಟ್ಟವೆಂದು ಅಲ್ಲಿಯ ದೋಣಿಯವರ ಸಂಘವಾದ ಬೋಟ್‌ಯುಎಸ್ ಅಂದಾಜು ಮಾಡಿತ್ತು. ಇಂತಹ ಬಿರುಗಾಳಿಗಳ ನಂತರ, ಹಾಳಾದ ದೋಣಿಗಳಿಗೆ ಬಣ್ಣ ಬಳಿದು ದೂರದ ಊರುಗಳಲ್ಲಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ಒಳನಾಡಿನ ಸರೋವರದಲ್ಲಿ ಇತ್ತೆಂದು ಹೇಳುವ ದೋಣಿಯ ಮೊಳೆಮೂಲೆಗಳಲ್ಲಿ ಉಪ್ಪಿನ ಗುರುತು ಕಂಡರೆ ಜಾತಕವನ್ನು ತರಿಸಲೇಬೇಕು.

ಈಗ ಹಣದ ಲೆಕ್ಕ. ದೋಣಿಯ ವಾರ್ಷಿಕ ಖರ್ಚು ಅದರ ಬೆಲೆಯ ಹತ್ತನೆಯ ಒಂದು ಪಾಲು ಎಂಬ ರೂಢಿಯ ಮಾತೊಂದಿದೆ. ಅಗ್ಗದ ದೋಣಿಯ ವಿಷಯದಲ್ಲಿ ಈ ಮಾತು ಮೋಸಗೊಳಿಸುತ್ತದೆ. ಏಕೆಂದರೆ ದೋಣಿಯನ್ನು ಕಟ್ಟಿಹಾಕುವ ಜಾಗದ ಬಾಡಿಗೆಯನ್ನೂ, ಮೇಲಕ್ಕೆತ್ತುವ ಕೂಲಿಯನ್ನೂ, ಬಣ್ಣದ ಖರ್ಚನ್ನೂ ಉದ್ದದ ಅಡಿಯ ಮೇಲೆ ಲೆಕ್ಕ ಹಾಕುತ್ತಾರೆ. ಮೂವತ್ತು ಸಾವಿರದ ದೋಣಿಯೂ ಮೂರು ಸಾವಿರದ ದೋಣಿಯೂ ಒಂದೇ ಉದ್ದವಿದ್ದರೆ ಒಂದೇ ಬಾಡಿಗೆ. ಹೀಗೆ ಎರಡು ದೋಣಿಗಳನ್ನು ಕಲ್ಪಿಸಿಕೊಳ್ಳೋಣ. ಎರಡಕ್ಕೂ ವರ್ಷಕ್ಕೆ 1,200 ಡಾಲರ್ ಖರ್ಚು. ಮೊದಲನೆಯದು ಗಟ್ಟಿಮುಟ್ಟಾದದ್ದು, ಬೆಲೆ 12,000. ಐದು ವರ್ಷ ಇಟ್ಟುಕೊಂಡು 8,000ಕ್ಕೆ ಮಾರಿದರೆ ನಿವ್ವಳ ಖರ್ಚು 10,000 ಡಾಲರ್. ಎರಡನೆಯದರ ಬೆಲೆ 7,500. ಆದರೆ ಡೆಕ್ ಕೊಳೆತಿದೆ, ಎಂಜಿನ್ ಸೋತಿದೆ. ದುರಸ್ತಿಗೆ 6,000, ಹೊಸ ಎಂಜಿನ್ನಿಗೆ 8,000. ಅದನ್ನು 9,000ಕ್ಕೆ ಮಾರಿದರೂ ನಿವ್ವಳ ಖರ್ಚು 18,500. ವರ್ಷಕ್ಕೆ ಇಪ್ಪತ್ತು ದಿನ ನೀರಿಗೆ ಇಳಿಯುವವನಿಗೆ ಮೊದಲನೆಯದು ದಿನಕ್ಕೆ 100 ಡಾಲರ್, ಎರಡನೆಯದು 185. ವರ್ಷಕ್ಕೆ ನಾಲ್ಕೇ ದಿನ ಇಳಿಯುವವನು ಬಾಡಿಗೆಯ ದೋಣಿಯನ್ನು ಹತ್ತಿ ಮನೆಗೆ ಹೋಗುವುದು ವಾಸಿ.

ಇನ್ನೂ ಒಂದು ವಿಚಿತ್ರವಿದೆ. ಗಟ್ಟಿಯಾದ ಪಾಲಿಯೆಸ್ಟರ್ ರಾಳವನ್ನು ಮತ್ತೆ ಕರಗಿಸಲಾಗದು. ಕಬ್ಬಿಣದ ಕಾರನ್ನು ಗುಜರಿಗೆ ಹಾಕಿದರೆ ನಾಲ್ಕು ಕಾಸು ಬರುತ್ತದೆ. ಫೈಬರ್‌ಗ್ಲಾಸ್ ದೋಣಿಯನ್ನು ತುಂಡರಿಸಿ ಹೂಳಲು ನಾವೇ ಹಣ ತೆರಬೇಕು. ಅಂದಮೇಲೆ ದೋಣಿಯ ಬೆಲೆ ಸೊನ್ನೆಗಿಂತಲೂ ಕೆಳಕ್ಕೆ ಇಳಿಯಬಲ್ಲದು. 'ಸುಮ್ಮನೆ ಕೊಡುತ್ತೇವೆ, ತೆಗೆದುಕೊಂಡು ಹೋಗಿ' ಎಂಬ ಜಾಹೀರಾತುಗಳ ಗುಟ್ಟು ಇದೇ. ಕೊಡುವವನು ದಾನಿಯಲ್ಲ, ತನ್ನ ಹೆಗಲ ಹೊರೆಯನ್ನು ಇಳಿಸುತ್ತಿರುವವನು.

ವ್ಯಾಪಾರದ ಕ್ರಮ ಹೀಗೆ. ಮಾರುವವನು ಕೇಳುವ ಬೆಲೆಯನ್ನಲ್ಲ, ಅದೇ ಮಾದರಿಯ ದೋಣಿಗಳು ನಿಜವಾಗಿ ಮಾರಾಟವಾದ ಬೆಲೆಯನ್ನು ತಿಳಿದುಕೊಂಡು ಒಂದು ಮೊತ್ತವನ್ನು ಬರಹದಲ್ಲಿ ಹೇಳಬೇಕು. ಸಾಮಾನ್ಯವಾಗಿ ಹತ್ತನೆಯ ಒಂದು ಪಾಲನ್ನು ಮುಂಗಡ ಕೊಡುತ್ತಾರೆ. ಪರೀಕ್ಷಕನ ವರದಿಯೂ ನೀರಿನ ಮೇಲಣ ಓಟವೂ ತೃಪ್ತಿಕರವಾಗಿದ್ದರೆ ಮಾತ್ರ ವ್ಯಾಪಾರ, ಇಲ್ಲದಿದ್ದರೆ ಮುಂಗಡ ವಾಪಸು ಎಂಬ ಷರತ್ತನ್ನು ಬರೆಯಿಸಲೇಬೇಕು. ಪರೀಕ್ಷಕರಿಗೆ ಅಡಿಗೆ ಸುಮಾರು 20ರಿಂದ 30 ಡಾಲರ್. 28 ಅಡಿಯ ದೋಣಿಗೆ 700 ಡಾಲರ್ ಆಗಬಹುದು. ಪರೀಕ್ಷಕನನ್ನು ಕೊಳ್ಳುವವನೇ ಗೊತ್ತುಮಾಡಬೇಕು. ಮಾರುವವನೋ ದಲ್ಲಾಳಿಯೋ ತೋರಿಸಿದವನನ್ನಲ್ಲ. ದಲ್ಲಾಳಿಗೆ ಸಿಗುವ ಹಣ ಮಾರಾಟದ ಬೆಲೆಯ ಒಂದು ಪಾಲು ಎಂಬುದನ್ನು ಮರೆಯಬಾರದು. ವರದಿ ಬಂದ ಮೇಲೆ ಚೌಕಾಶಿಗೆ ದೊಡ್ಡ ದನಿ ಬೇಕಾಗಿಲ್ಲ. 'ಡೆಕ್ಕಿನ ಎಡಬದಿಯಲ್ಲಿ ಒಂದು ಚದರ ಮೀಟರು ಒದ್ದೆಯಿದೆ, ದುರಸ್ತಿಗೆ ಇಷ್ಟಾಗುತ್ತದೆ' ಎಂದು ಕಾಗದವನ್ನು ಮುಂದಿಟ್ಟರೆ, ಪ್ರಾಮಾಣಿಕನಾದ ಮಾರಾಟಗಾರ ಅದನ್ನು ಬೆಲೆಯಿಂದ ಕಳೆಯುತ್ತಾನೆ. ಒಳ್ಳೆಯ ದೋಣಿಯ ಒಡೆಯನಿಗೂ ಈ ವರದಿ ಉಪಕಾರಿಯೇ. ತನ್ನದು ಕೆಟ್ಟದ್ದಲ್ಲವೆಂದು ನಂಬಿಸಲು ಅವನಿಗೆ ಬೇರೆ ದಾರಿಯಿಲ್ಲ.

ಯಾವ ಕಾಲದಲ್ಲಿ ಕೊಳ್ಳಬೇಕು? ಉತ್ತರದ ಸಂಸ್ಥಾನಗಳಲ್ಲಿ ಚಳಿಗಾಲಕ್ಕೆ ಸರೋವರಗಳು ಹೆಪ್ಪುಗಟ್ಟುತ್ತವೆ. ದೋಣಿಯನ್ನು ಮೇಲಕ್ಕೆತ್ತಿ, ಮುಚ್ಚಿ, ಆರು ತಿಂಗಳು ಬಾಡಿಗೆಯ ಜಾಗದಲ್ಲಿ ಇಡಬೇಕು. ಆ ಖರ್ಚು ತಲೆಯ ಮೇಲೆ ಬರುವ ಮುನ್ನ ಮಾರಿಬಿಡಬೇಕೆಂಬ ಆತುರದಿಂದ ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಒಡೆಯರು ಬೆಲೆ ಇಳಿಸುತ್ತಾರೆ. ವಸಂತದಲ್ಲಿ ಅದೇ ದೋಣಿಗೆ ನಾಲ್ಕು ಮಂದಿ ಕಾದಿರುತ್ತಾರೆ. ಆದರೆ ಡಿಸೆಂಬರಿನವರೆಗೆ ತಡೆದು ಇನ್ನೂ ಇಳಿಸಿಕೊಳ್ಳುತ್ತೇವೆಂದು ಹೋಗುವವರು ಒಂದು ಅಪಾಯವನ್ನು ಅರಿತಿರಬೇಕು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಎಂಜಿನ್ನನ್ನು ತಂಪಾಗಿಸುವ ನೀರನ್ನು ಒಡೆಯನು ಬಸಿಯಲು ಮರೆತಿದ್ದರೆ ಎರಕದ ಕಬ್ಬಿಣದ ಒಡಲೇ ಸೀಳಿಹೋಗುತ್ತದೆ. ಸೀಳಿನೊಳಗೆ ಹಿಮ ಇರುವವರೆಗೆ ಅದು ಸೋರುವುದೂ ಇಲ್ಲ. ದೋಣಿಯನ್ನು ನೀರಿಗಿಳಿಸಿ ಓಡಿಸಿ ನೋಡುವಂತೆಯೂ ಇಲ್ಲ. ಆದುದರಿಂದ ಚಳಿಗಾಲದಲ್ಲಿ ಒಪ್ಪಂದ ಮಾಡಿಕೊಳ್ಳುವವರು ಬೆಲೆಯ ಒಂದು ಭಾಗವನ್ನು ಮಾರುವವನ ಕೈಗೆ ಕೊಡದೆ ಮೂರನೆಯವರ ವಶದಲ್ಲಿ ಇರಿಸುತ್ತಾರೆ. ಏಪ್ರಿಲಿನಲ್ಲಿ ಹಿಮ ಕರಗಿ, ದೋಣಿ ನೀರಿಗಿಳಿದು, ಎಂಜಿನ್ ಒಂದು ಗಂಟೆಯ ಕಾಲ ಸೋರದೆ ಓಡಿದ ಮೇಲೆ ಆ ಹಣ ಕೈಸೇರುತ್ತದೆ.